ಕ್ರೇಯಾನ್ ಗೆರೆ ಮತ್ತು ಸಿಂಕ್ ಬಟನ್

ನಮ್ಮೂರಲ್ಲಿ ಡಿಜೆ ಅಂದ್ರೆ ಮನುಷ್ಯ ಅಲ್ಲ, ವಸ್ತು. ಗಣೇಶನ್ನ ಬಿಡೋ ದಿನ ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಆಳೆತ್ತರಕ್ಕೆ ಜೋಡಿಸಿ ಹಗ್ಗ ಬಿಗಿದಿರ್ತಾರಲ್ಲ, ಆ ಬಾಕ್ಸುಗಳ ರಾಶಿಗೇ ಡಿಜೆ ಅಂತ ಹೆಸರು. "ಈ ಸಲ ಕೆಳಗಿನ ಬೀದಿಯವರು ಡಿಜೆ ತರಿಸ್ತಿದ್ದಾರಂತೆ" ಅಂತ ಮಾತು. ಅದರ ಹಿಂದೆ ಕೂತು ಹಾಡು ಬದಲಿಸೋ ಹುಡುಗನಿಗೆ ಹೆಸರೂ ಇಲ್ಲ, ಊಟ ಆಯ್ತಾ ಅಂತ ಕೇಳೋರೂ ಇಲ್ಲ.

ಎರಡು ವರ್ಷದಿಂದ ಶನಿವಾರ ಸಂಜೆ ನಾನು ಮಿಕ್ಸಿಂಗ್ ಕಲೀತಿದ್ದೀನಿ. ಎರಡು ಹಾಡುಗಳ ಬೀಟ್ ಕೂಡಿಸೋದು, ಒಂದರ ವಾಲ್ಯೂಮ್ ಇಳಿಸಿ ಇನ್ನೊಂದರದ್ದು ಏರಿಸೋದು ಕೆಲವೇ ವಾರಗಳಲ್ಲಿ ಬಂತು. ಆಫೀಸಿನ ಗೆಳೆಯನೊಬ್ಬ ಅದನ್ನೂ ಲೇವಡಿ ಮಾಡಿದ: "ಸಿಂಕ್ ಅಂತ ಬಟನ್ನೇ ಇದ್ಯಲ್ಲ ಮಾರಾಯ, ಒತ್ತಿದ್ರೆ ಆಯ್ತು. ಇನ್ನೂ ಕಲಿಯೋದೇನಿದೆ?" ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕೆಲಸದ ಬಗ್ಗೆಯೂ ಈಗ ಎಲ್ಲರೂ ಇದನ್ನೇ ಕೇಳ್ತಿದ್ದಾರೆ ಅನ್ನೋದು ಬೇರೆ ಮಾತು. ಉತ್ತರ ಹುಡುಕ್ತಾ ಹೋದ್ರೆ ಐವತ್ತು ವರ್ಷ ಹಿಂದಕ್ಕೆ, ನ್ಯೂಯಾರ್ಕಿಗೆ ಹೋಗಬೇಕಾಯ್ತು.

ಬೀಟ್ ಕೂಡಿಸೋದನ್ನ ಒಂದು ಕಲೆ ಅಂತ ಮಾಡಿದವನು ಅಂದ್ರೆ ಸಾಮಾನ್ಯವಾಗಿ ಫ್ರಾನ್ಸಿಸ್ ಗ್ರಾಸ್ಸೋ ಹೆಸರು ಹೇಳ್ತಾರೆ. 1970ರ ಆಸುಪಾಸು. ಮ್ಯಾನ್‌ಹಟನ್‌ನ 43ನೇ ಬೀದಿಯಲ್ಲಿ ಮೊದಲು ಚರ್ಚ್ ಆಗಿದ್ದ ಕಟ್ಟಡದಲ್ಲಿ ಸ್ಯಾಂಕ್ಚುಅರಿ ಅನ್ನೋ ಕ್ಲಬ್ಬು. ಟರ್ನ್‌ಟೇಬಲ್ ಇಟ್ಟಿದ್ದು ಸೀದಾ ಪೂಜಾವೇದಿಕೆ ಮೇಲೇ. ಕೆಳಗೆ ತಟ್ಟೆ ತಿರುಗ್ತಾ ಇರುತ್ತೆ, ಮೇಲಿನ ರೆಕಾರ್ಡನ್ನ ಬೆರಳಲ್ಲಿ ಹಿಡಿದಿಟ್ಟು ಸರಿಯಾದ ಪೆಟ್ಟಿಗೆ ಬಿಡೋದು. ಇದು ರೇಡಿಯೋ ಸ್ಟೇಷನ್ನಿನವರ ಕೈಚಳಕ, ಗ್ರಾಸ್ಸೋ ಅದನ್ನ ಕುಣಿಯೋ ಜನರ ಮುಂದೆ ತಂದ. ಷಿಕಾಗೋ ಬ್ಯಾಂಡಿನ ಡ್ರಮ್ ಭಾಗದ ಮೇಲೆ ಲೆಡ್ ಜೆಪ್ಪೆಲಿನ್ ಗಾಯಕನ ನರಳಾಟವನ್ನ ತೇಲಿಬಿಡೋದು ಅವನ ಹೆಸರಾಂತ ಮಿಕ್ಸು.

ಆಗಿನ ಕಷ್ಟ ಈಗ ನಮಗೆ ಊಹೆಗೂ ಸಿಗಲ್ಲ. ಆ ರೆಕಾರ್ಡುಗಳಲ್ಲಿ ಡ್ರಮ್ ಬಾರಿಸಿದವರು ಮನುಷ್ಯರು. ಹುರುಪು ಬಂದಾಗ ಓಡ್ತಾರೆ, ದಣಿದಾಗ ಹಿಂದೆ ಬೀಳ್ತಾರೆ. ಒಂದು ಸಲ ಕೂಡಿಸಿ ಕೈ ಕಟ್ಟಿ ನಿಲ್ಲೋ ಹಾಗಿಲ್ಲ, ಕ್ಷಣಕ್ಷಣಕ್ಕೂ ವೇಗ ತಿದ್ದುತ್ತಾ ಇರಬೇಕು. ಅಳ್ಳಾಡದ ಹಾಡುಗಳಲ್ಲೇ ಲೆಕ್ಕ ಹಾಕಿ ನೋಡಿ. ಒಂದು ಹಾಡು 125 ಬಿಪಿಎಂ, ಇನ್ನೊಂದು 125.1 ಅಂದ್ಕೊಳ್ಳಿ. ಒಂದು ಬೀಟಿಗೆ 480 ಮಿಲಿಸೆಕೆಂಡು. ವ್ಯತ್ಯಾಸ ಬರೀ ದಶಮಾಂಶ ಒಂದು. ಆದ್ರೂ ಒಂದು ನಿಮಿಷ ಕಳೆಯೋದ್ರಲ್ಲಿ ಎರಡರ ನಡುವೆ 48 ಮಿಲಿಸೆಕೆಂಡು ಬಿರುಕು. ಎರಡು ಡ್ರಮ್ ಮೆಟ್ಟಿಲಿಳಿಯುವಾಗ ಕಾಲು ತಪ್ಪಿದ ಹಾಗೆ ಕೇಳಿಸುತ್ತೆ.

ಅತ್ತ ಬ್ರಾಂಕ್ಸಿನಲ್ಲಿ ಬೇರೆಯೇ ಕತೆ. 1973ರ ಆಗಸ್ಟ್ 11, ಸೆಜ್ವಿಕ್ ಅವೆನ್ಯೂ 1520ನೇ ನಂಬರಿನ ಅಪಾರ್ಟ್‌ಮೆಂಟಿನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿ ಶಾಲೆ ಶುರುವಾಗೋ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸೋಕೆ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಹಾಡು ಹಾಕಿದ್ದು ಅವಳಣ್ಣ ಕ್ಲೈವ್, ಅಂದ್ರೆ ಕೂಲ್ ಹರ್ಕ್. ಹಾಡಿನ ನಡುವೆ ಎಲ್ಲ ನಿಂತು ಬರೀ ಡ್ರಮ್ ಉಳಿಯೋ ಕೆಲವು ಸೆಕೆಂಡುಗಳಿಗೆ ಜನ ಹುಚ್ಚೆದ್ದು ಕುಣೀತಾರೆ ಅನ್ನೋದನ್ನ ಅವನು ಗಮನಿಸಿದ. ಅದೇ ಬ್ರೇಕು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರ ಬ್ರೇಕ್ ಮುಗಿಯುತ್ತಿದ್ದ ಹಾಗೆ ಇನ್ನೊಂದರದ್ದು ಹಾಕಿ ಅದನ್ನ ಉದ್ದ ಮಾಡಿದ. ಐಡಿಯಾ ಭರ್ಜರಿ, ಜೋಡಣೆ ಒರಟು. ಸೂಜಿ ಇಟ್ಟ ಕಡೆ ಇಟ್ಟ, ಬೀಟು ತಪ್ಪಿದ್ರೆ ತಪ್ಪಿತು. ಜನಕ್ಕೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ.

ದೊಡ್ಡ ವಿಷಯ ಆಗಿದ್ದು ಜೋಸೆಫ್ ಸ್ಯಾಡ್ಲರ್ ಅನ್ನೋ ಹದಿಹರೆಯದ ಹುಡುಗನಿಗೆ. ಆಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲಾಷ್ ಅಂತ ಹೆಸರಾದ. ಈ ಇಡೀ ಇತಿಹಾಸದಲ್ಲಿ ನನಗೆ ಹತ್ತಿರದವನು ಅಂದ್ರೆ ಇವನೇ. ವೃತ್ತಿಶಿಕ್ಷಣದ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು. ನಮ್ಮ ಡಿಪ್ಲೊಮಾ ಹುಡುಗರ ಹಾಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡೋ ಚಟ. ಹರ್ಕ್‌ನ ಪಾರ್ಟಿಯಲ್ಲಿ ಸರಿಯಾದ ಹಾಡುಗಳನ್ನ ಕೇಳಿದ. ಪೀಟ್ ಜೋನ್ಸ್ ಅನ್ನೋ ಡಿಸ್ಕೋ ಡಿಜೆ ಹತ್ತಿರ ಸರಿಯಾದ ಜೋಡಣೆ ನೋಡಿದ. ಜೋನ್ಸ್ ಮುಂದಿನ ಹಾಡನ್ನ ಹೆಡ್‌ಫೋನಿನಲ್ಲಿ ಮೊದಲೇ ಕೇಳಿಕೊಳ್ತಿದ್ದ! ಫ್ಲಾಷ್ ಮನೆಗೆ ಬಂದು ಒಂದು ಸ್ವಿಚ್ ತಂದು ಆ ಸೌಲಭ್ಯವನ್ನ ತನ್ನ ಮಿಕ್ಸರಿಗೆ ತಾನೇ ಕಟ್ಟಿಕೊಂಡ. ನಿಂತಲ್ಲಿಂದ ಪೂರ್ತಿ ವೇಗಕ್ಕೆ ಬರೋಕೆ ಯಾವ ಟರ್ನ್‌ಟೇಬಲ್ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಒಂದೊಂದನ್ನೂ ಪರೀಕ್ಷಿಸಿದ. ರೆಕಾರ್ಡ್ ಕೆಳಗಿನ ರಬ್ಬರ್ ಕಿತ್ತು ಹಾಕಿ ಫೆಲ್ಟ್ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ಜಾರುವ ಚಾಪೆ ಮಾಡಿದ. ಅವನಮ್ಮನಿಗೆ ಹೊಲಿಗೆ ಬರ್ತಿತ್ತು, ಬಟ್ಟೆಯ ಜ್ಞಾನ ಮನೆಯಲ್ಲೇ ಇತ್ತು.

ಕೊನೆಗೆ ಕ್ರೇಯಾನ್. ಬ್ರೇಕ್ ಶುರುವಾಗೋ ಕಡೆ ರೆಕಾರ್ಡ್ ಮೇಲೇ ಬಣ್ಣದ ಗೆರೆ ಎಳೆದ. ಡಿಜೆಗಳ ಲೋಕಕ್ಕೆ ರೆಕಾರ್ಡ್ ಮೇಲೆ ಬೆರಳಿಡೋದೇ ಪಾಪ, ಇವನು ಕ್ರೇಯಾನ್ ಹಚ್ಚಿದ! ನಿಮಿಷಕ್ಕೆ 33⅓ ಸುತ್ತು ಅಂದ್ರೆ ಒಂದು ಸುತ್ತಿಗೆ 1.8 ಸೆಕೆಂಡು. ಹಾಡು 100 ಬಿಪಿಎಂ ಇದ್ರೆ ಒಂದು ಸುತ್ತಿಗೆ ಮೂರು ಬೀಟು. ಹನ್ನೆರಡು ಬೀಟು ಹಿಂದೆ ಹೋಗಬೇಕಾ? ಗೆರೆ ನಾಲ್ಕು ಸಲ ಕಣ್ಮುಂದೆ ದಾಟೋವರೆಗೆ ಹಿಂದಕ್ಕೆ ತಿರುಗಿಸು. ಕಿವಿಯಲ್ಲಿ ಹುಡುಕೋದನ್ನ ಕಣ್ಣಲ್ಲಿ ಎಣಿಸೋದಕ್ಕೆ ಬದಲಾಯಿಸಿದ್ದು ಅಷ್ಟೆ. ಇದಕ್ಕೆ ಅವನು ಕ್ಲಾಕ್ ಥಿಯರಿ ಅಂತ ಹೆಸರಿಟ್ಟ, ಬ್ರೇಕುಗಳ ಜೋಡಣೆಗೆ ಕ್ವಿಕ್ ಮಿಕ್ಸ್ ಥಿಯರಿ ಅಂತ. ಥಿಯರಿ ಅನ್ನೋ ಪದ ನೋಡಿ. ಕ್ಲಬ್ಬಿನೊಳಗೆ ಹೋಗೋಕೆ ದುಡ್ಡಿಲ್ಲದ ಬೀದಿಯ ಹುಡುಗ ತನ್ನ ಕೆಲಸಕ್ಕೆ ಆ ಪದ ಬೇಕು ಅಂತ ಪಟ್ಟು ಹಿಡಿದದ್ದು ನನಗೆ ತುಂಬಾ ಇಷ್ಟ.

ಇಷ್ಟೆಲ್ಲ ತಯಾರಿ ಮಾಡಿ ಜನರ ಮುಂದೆ ಹಾಕಿದಾಗ ಏನಾಯ್ತು ಗೊತ್ತಾ? ಯಾರೂ ಕುಣೀಲಿಲ್ಲ. ಸುಮ್ಮನೆ ನಿಂತು ನೋಡಿದರು. ಆ ದಿನ ಅತ್ತೆ ಅಂತ ಫ್ಲಾಷ್ ತಾನೇ ಹೇಳಿಕೊಂಡಿದ್ದಾನೆ. ಮೈಕ್ ಹಿಡಿದು ಜನರನ್ನ ಹುರಿದುಂಬಿಸೋರು ಪಕ್ಕಕ್ಕೆ ಬಂದ ಮೇಲೆ ಮಿಕ್ಸಿಗೆ ಜೀವ ಬಂತು. ಗಣಿತ ಸರಿ ಬಂದ ಮಾತ್ರಕ್ಕೆ ಕಾಲು ಏಳಲ್ಲ.

ಬೇಸಿಕ್ಸ್ ದಾಟಿದ ಮೇಲೆ ಏನು ಅನ್ನೋದಕ್ಕೆ ಮೊದಲ ಸುಳಿವು ನನಗೆ ಸಿಕ್ಕಿದ್ದು ಇಲ್ಲೇ. ಒಂದು ಕಷ್ಟ ಬಗೆಹರಿದ ಕೂಡಲೆ ಕಷ್ಟ ಬೇರೆ ಕಡೆಗೆ ಜರುಗುತ್ತೆ. ಜಪಾನಿನ ಮತ್ಸುಶಿತಾ ಕಂಪನಿಯ ಟೆಕ್ನಿಕ್ಸ್ ಎಸ್‌ಎಲ್-1200 1972ರಲ್ಲೇ ಬಂದಿತ್ತು, ಮನೆಯಲ್ಲಿ ಕೂತು ಸಂಗೀತ ಕೇಳೋರಿಗೆ ಅಂತ. 1979ರ ಮಾರ್ಕ್ 2ರಲ್ಲಿ ಕ್ವಾರ್ಟ್ಜ್ ಹರಳಿನ ನಿಯಂತ್ರಣ, ಮೇಲೆ ಕೆಳಗೆ ಜಾರಿಸೋ ಪಿಚ್ ಫೇಡರ್, ಶೇಕಡಾ 8ರಷ್ಟು ಹೆಚ್ಚು ಕಡಿಮೆ. ಡ್ರಮ್ ಮೆಷಿನ್ನುಗಳು ಬಂದವು: 1980ರಲ್ಲಿ ರೋಲಾಂಡ್ 808, 1983ರಲ್ಲಿ 909. ಓಡದ, ದಣಿಯದ ಡ್ರಮ್ಮು. 1976ರಲ್ಲಿ ವಾಲ್ಟರ್ ಗಿಬ್ಬನ್ಸ್ ಮಿಕ್ಸ್ ಮಾಡಿದ "ಟೆನ್ ಪರ್ಸೆಂಟ್" ಮಾರಾಟಕ್ಕೆ ಬಂದ ಮೊದಲ ಹನ್ನೆರಡಿಂಚಿನ ಸಿಂಗಲ್ಲು. ನಾಲ್ಕು ನಿಮಿಷದ ಆಸುಪಾಸಿನ ಹಾಡು ಒಂಬತ್ತು ನಿಮಿಷ ದಾಟಿತ್ತು. ಎರಡು ಹಾಡು ನಿಮಿಷಗಟ್ಟಲೆ ಒಟ್ಟಿಗೆ ಓಡೋ ಅವಕಾಶ ಬಂತು, ಅದರ ಜೊತೆಗೆ ಹೊಸ ತಲೆನೋವೂ.

ತಲೆನೋವು ಏನಂದ್ರೆ ಶ್ರುತಿ. ರೆಕಾರ್ಡಿನ ವೇಗ ಸುಮಾರು ಶೇಕಡಾ 6 ಹೆಚ್ಚಿಸಿದ್ರೆ ಹಾಡು ಅರ್ಧ ಸ್ವರ ಮೇಲೇರುತ್ತೆ. ನಮ್ಮೂರಿನ ಭಜನೆಯವರ ಭಾಷೆಯಲ್ಲಿ ಹೇಳೋದಾದ್ರೆ ಬಿಳಿ ಒಂದರಲ್ಲಿದ್ದದ್ದು ಕಪ್ಪು ಒಂದಕ್ಕೆ. ಬೀಟು ಕೂಡಿದ್ರೂ ಹಾಡುಗಳು ಜಗಳ ಆಡ್ತವೆ. ಪಯೋನಿಯರ್ 1994ರ ಸಿಡಿ ಪ್ಲೇಯರಿನಲ್ಲಿ ವೇಗ ಬದಲಾದರೂ ಶ್ರುತಿ ಬದಲಾಗದ ಹಾಗೆ ಮಾಡಿತು. ಯಾವ ಶ್ರುತಿಗೆ ಯಾವುದು ಹೊಂದುತ್ತೆ ಅಂತ ಹೇಳೋಕೆ ಮಾರ್ಕ್ ಡೇವಿಸ್ ಗಡಿಯಾರದ ಹಾಗೆ 12 ಅಂಕೆಗಳ ಚಕ್ರ ಮಾಡಿದ, ಕ್ಯಾಮೆಲಾಟ್ ಚಕ್ರ ಅಂತಾರೆ. 8 ಆದ ಮೇಲೆ 7ಕ್ಕೋ 9ಕ್ಕೋ ಹೋದ್ರೆ ಸುಗಮ. ಈಗ ಅದನ್ನೂ ಸಾಫ್ಟ್‌ವೇರೇ ಬರೆದು ತೋರಿಸುತ್ತೆ.

ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಲ್ಯಾಪ್‌ಟಾಪ್ ಸ್ಕ್ರೀನ್ ಮೇಲೆ ಟವೆಲ್ ಹಾಕ್ತಾರೆ. ಆಗ ಸಿಂಕ್ ಆನ್ ಇದ್ರೂ ಬೆವರು ಬರುತ್ತೆ. ಬಟನ್ನು ಬೀಟಿಗೆ ಬೀಟು ಹೊಂದಿಸುತ್ತೆ ನಿಜ. ಹದಿನಾರೋ ಮೂವತ್ತೆರಡೋ ಬೀಟಿನ ಒಂದು ವಾಕ್ಯ ಮುಗಿಯೋ ಜಾಗಕ್ಕೇ ಮುಂದಿನ ಹಾಡಿನ ವಾಕ್ಯ ಶುರುವಾಗಬೇಕಲ್ಲ, ಅದು ಕಿವಿಗೆ ಬಿಟ್ಟದ್ದು. ಎರಡು ಬೇಸ್ ಒಟ್ಟಿಗೆ ಬಂದ್ರೆ ಬರೀ ಕೆಸರು. ಹಳೇದರ ಬೇಸ್ ಕತ್ತರಿಸಿ ಹೊಸದರದ್ದು ಬಿಡೋದು ಯಾವ ಪೆಟ್ಟಿಗೆ? ಅದಕ್ಕಿಂತ ಮೊದಲು, ಈ ಹಾಡು ಈಗ ಬೇಕಾ? ಫ್ಲಾಷ್ 1981ರಲ್ಲಿ ಟರ್ನ್‌ಟೇಬಲ್ಲುಗಳಲ್ಲೇ ಬಾರಿಸಿ ಏಳು ನಿಮಿಷದ ರೆಕಾರ್ಡೊಂದನ್ನ ತಂದ. ಅದರಲ್ಲಿ ಷಿಕ್‌ನ "ಗುಡ್ ಟೈಮ್ಸ್" ಇದೆ, ಕ್ವೀನ್‌ನ "ಅನದರ್ ಒನ್ ಬೈಟ್ಸ್ ದಿ ಡಸ್ಟ್" ಇದೆ. ಎರಡರ ಬೇಸ್ ಗಿಟಾರ್ ನಡೆ ಅಣ್ಣ ತಮ್ಮ ಇದ್ದ ಹಾಗೆ. ಅದು ಅವನಿಗೆ ಕೇಳಿಸಿತ್ತು, ಅದಕ್ಕೇ ಪಕ್ಕಪಕ್ಕ ಇಟ್ಟ.

ಮಿಕ್ಸಿಂಗನ್ನೇ ಬಿಟ್ಟವನೊಬ್ಬ ಇದ್ದಾನೆ, ಗೆಳೆಯನಿಗೆ ಅವನ ಬಗ್ಗೆಯೂ ಹೇಳಿದೆ. ಡೇವಿಡ್ ಮಂಕೂಸೋ. 1970ರ ಫೆಬ್ರವರಿ 14ರಂದು ತನ್ನ ಮನೆಯಲ್ಲೇ ಪಾರ್ಟಿ ಶುರು ಮಾಡಿದ, ಅದಕ್ಕೆ ಮುಂದೆ ಲಾಫ್ಟ್ ಅಂತ ಹೆಸರಾಯ್ತು. ನ್ಯೂಯಾರ್ಕಿನ ಎಷ್ಟೋ ಡಿಜೆಗಳಿಗೆ ಅದು ಪಾಠಶಾಲೆ. ಎಂಬತ್ತರ ದಶಕದಲ್ಲಿ ಮಂಕೂಸೋ ಮಿಕ್ಸರನ್ನೇ ಎತ್ತಿಟ್ಟುಬಿಟ್ಟ. ನಡುವೆ ಒಂದು ಡಬ್ಬ ಕಡಿಮೆಯಾದಷ್ಟೂ ದನಿ ಶುದ್ಧ ಅನ್ನೋದು ಅವನ ಲೆಕ್ಕ. ಹಾಡನ್ನ ಮೊದಲಿಂದ ಕೊನೆಯವರೆಗೆ, ವೇಗ ಮುಟ್ಟದೆ ಪೂರ್ತಿ ಹಾಕ್ತಿದ್ದ. ಹಾಡು ಮುಗಿದಾಗ ಕೋಣೆಯಲ್ಲಿ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು, ಆಮೇಲೆ ಅವನು ಮುಂದಿನ ರೆಕಾರ್ಡಿನ ಮೇಲೆ ಸೂಜಿ ಇಡ್ತಿದ್ದ.