ವಾಸ್ಕೋ ಡ ಗಾಮ ಮತ್ತು ಹಜ್ ಯಾತ್ರಿಕರ ಕಡಲ ದಾರಿ

1498ರಲ್ಲಿ ವಾಸ್ಕೋ ಡ ಗಾಮ ಭಾರತಕ್ಕೆ ಜಲಮಾರ್ಗ ಕಂಡುಹಿಡಿದನೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಯುರೋಪಿನವರ ಮಟ್ಟಿಗೆ ಇದು ನಿಜ. ಆಫ್ರಿಕಾದ ದಕ್ಷಿಣ ತುದಿ ಸುತ್ತಿ ಬಂದದ್ದು ಸಣ್ಣ ಸಾಹಸವೇನಲ್ಲ. ಆದರೆ ಆಫ್ರಿಕಾದ ಪೂರ್ವ ಕರಾವಳಿಯಿಂದ ಈಚೆಗೆ ಅವನು ಹಿಡಿದದ್ದು ಅರಬ್ ಮತ್ತು ಗುಜರಾತಿ ನಾವಿಕರು ಶತಮಾನಗಳಿಂದ ಓಡಾಡುತ್ತಿದ್ದ ದಾರಿ.

ಮಾಲಿಂದಿಯ ಅರಸ ಅವನಿಗೆ ದಾರಿ ಬಲ್ಲ ನಾವಿಕನೊಬ್ಬನನ್ನು ಕೊಟ್ಟ. ಆತ ಪ್ರಸಿದ್ಧ ಇಬ್ನ್ ಮಾಜಿದ್ ಎಂದು ನಮ್ಮಲ್ಲಿ ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಇಲ್ಲದ ಹೆಮ್ಮೆ ನಮಗೂ ಬೇಡ. ಮುಂಗಾರಿನ ಗಾಳಿ ಹಿಡಿದ ಹಡಗುಗಳು ಸುಮಾರು 23 ದಿನಗಳಲ್ಲಿ ಕಲ್ಲಿಕೋಟೆಯ ಬಳಿ ತಲುಪಿದವು. ಮರಳುವಾಗ ಗಾಮ ಗಾಳಿ ತಿರುಗುವವರೆಗೆ ಕಾಯಲಿಲ್ಲ. ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗು ದುರಸ್ತಿ ಮಾಡಿಸಿ, ಕುಡಿಯುವ ನೀರು ತುಂಬಿಸಿಕೊಂಡು ಅಕ್ಟೋಬರ್ ಮೊದಲ ವಾರವೇ ಹೊರಟುಬಿಟ್ಟ. ಅದೇ ಕಡಲು ದಾಟಲು ಈ ಸಲ ಮೂರು ತಿಂಗಳು ಹಿಡಿಯಿತು. ಸುಮಾರು 30 ಮಂದಿ ಒಸಡು ಊದಿಸುವ ಸ್ಕರ್ವಿ ರೋಗದಿಂದ ಸತ್ತರು.

1502ರಲ್ಲಿ ಅವನು ಮತ್ತೆ ಬಂದ. ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ 'ಮೀರಿ' ಎಂಬ ಹಡಗನ್ನು ಹಿಡಿದು, ಹೆಂಗಸರು ಮಕ್ಕಳೆನ್ನದೆ ಬೆಂಕಿಯಿಟ್ಟ. ಆಮೇಲೆ 'ಕಾರ್ತಾಸ್' ಎಂಬ ಪರವಾನಗಿ ಚೀಟಿಯ ಪದ್ಧತಿ ಬಂತು. ಯಾರಿಗೂ ಸೇರದಿದ್ದ ಸಮುದ್ರದಲ್ಲಿ ಹೋಗಲು ಪೋರ್ಚುಗೀಸರ ಅಪ್ಪಣೆ ಬೇಕಾಯಿತು. ಹಾಜಿಗಳಿಗೂ ವಿನಾಯಿತಿ ಇರಲಿಲ್ಲ. ಈಸಾ ಮತ್ತು ಮರ್ಯಮರ ಚಿತ್ರವಿದ್ದ ಆ ಚೀಟಿ ಹಿಡಿದು ಹೋಗಬೇಕಾದ್ದು ಒಂದು ಕಾರಣವಾಗಿ, ಈಗ ಹಜ್ ಕಡ್ಡಾಯವಲ್ಲವೆಂದು ಅಕ್ಬರನ ಕಾಲದ ಮಖ್ದೂಮುಲ್ ಮುಲ್ಕ್ ಫತ್ವಾ ಕೊಟ್ಟರೆಂದು ಬದಾಯೂನಿ ಬರೆದಿದ್ದಾರೆ. ಒಂದು ಕಾಗದದ ತುಂಡು ಫರ್ಜ್‌ನ ಬಗ್ಗೆಯೇ ಪ್ರಶ್ನೆ ಎಬ್ಬಿಸಿತ್ತು.

ಕಡಲಿಲ್ಲದ ನಮ್ಮ ಸೀಮೆಗೂ ಈ ಕಥೆ ಸೇರುತ್ತದೆ. ಪಾಂಡವಪುರಕ್ಕೆ 'ಫ್ರೆಂಚ್ ರಾಕ್ಸ್' ಎಂಬ ಹೆಸರು ತಂದ ಫ್ರೆಂಚ್ ಸೈನಿಕರು ಬಂದದ್ದು ಗಾಮ ತೆರೆದ ಆ ಆಫ್ರಿಕಾ ಸುತ್ತಿನ ದಾರಿಯಲ್ಲೇ. ಟಿಪ್ಪು ಸುಲ್ತಾನರ ಕಾಲಕ್ಕೆ ಕಡಲ ಬಲ ಇಂಗ್ಲಿಷರ ಕೈ ಸೇರಿತ್ತು. ಶ್ರೀರಂಗಪಟ್ಟಣದಲ್ಲಿ ಕೂತು ಅವರು ನೋಡುತ್ತಿದ್ದದ್ದು ಅರಬ್ಬೀ ಸಮುದ್ರದ ಕಡೆಗೆ. ಮಸ್ಕತ್‌ನಲ್ಲಿ ವ್ಯಾಪಾರ ಕೋಠಿ ಇಟ್ಟರು. 1786ರಲ್ಲಿ ತದಡಿ ಬಂದರಿನಿಂದ ಹಡಗುಗಳಲ್ಲಿ ತುರ್ಕಿಯ ಖಲೀಫರ ಬಳಿಗೆ ನಿಯೋಗ ಕಳಿಸಿದರು. ಬಸ್ರಾ ಬಂದರು ನಮಗೆ ಬಿಡಿ, ಬದಲಿಗೆ ಮಂಗಳೂರು ತೆಗೆದುಕೊಳ್ಳಿ ಎಂಬುದು ಅವರ ಪ್ರಸ್ತಾಪ. ಅದು ಫಲಿಸಲಿಲ್ಲ. 1796ರಲ್ಲಿ ಸುಮಾರು 40 ಯುದ್ಧನೌಕೆಗಳನ್ನು ಕಟ್ಟಲು ಹುಕುಂ ಹೊರಡಿಸಿದರು. ಆ ಯೋಜನೆ ಪೂರ್ತಿಯಾಗುವ ಮೊದಲೇ, 1799ರ ಮೇ 4ರಂದು ಪಟ್ಟಣ ಬಿದ್ದಿತು.