ಡಿಲೀಟ್ ಮಾಡಿದ ಮೇಲ್‌ಗಳೂ ಬಯಲಾದ ಕಥೆ: ಎನ್ರಾನ್ ತನಿಖೆಯ ಕಾಗದಪತ್ರಗಳು



ಇವತ್ತಿನ ಮಾತು ಎನ್ರಾನ್ ಬಗ್ಗೆ. ಮುಂಬೈ, ಪುಣೆಯಲ್ಲಿ ತುಂಬಾ ವರ್ಷದಿಂದ ಇರೋರಿಗೆ ಈ ಹೆಸರು ಕೇಳಿದ ತಕ್ಷಣ ದಾಭೋಳ್ ವಿದ್ಯುತ್ ಸ್ಥಾವರ ನೆನಪಾಗುತ್ತೆ. ಕಾಮರ್ಸ್ ಓದಿದವರಿಗೆ ಲೆಕ್ಕಪತ್ರದ ಮೋಸ ನೆನಪಾಗುತ್ತೆ. ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಎನ್ರಾನ್ ಅಂದ್ರೆ ಒಂದು ಡೇಟಾಸೆಟ್. ಈ ಮೂರೂ ಒಂದೇ ಕಂಪನಿ ಅಂತ ನನಗೆ ಗೊತ್ತಾಗಿದ್ದು ಎಂ.ಟೆಕ್ ಮಾಡುವಾಗ.

ಸ್ಪ್ಯಾಮ್ ಮೇಲ್ ಹಿಡಿಯೋ ಪ್ರೋಗ್ರಾಂ ಬರೆಯಿರಿ ಅಂತ ಅಸೈನ್‌ಮೆಂಟ್ ಕೊಟ್ಟಿದ್ರು. ಡೇಟಾ ಇಳಿಸಿಕೊಂಡು ಬಿಚ್ಚಿದರೆ ಸುಮಾರು 150 ಫೋಲ್ಡರ್. ಒಂದೊಂದಕ್ಕೂ ಒಬ್ಬೊಬ್ಬ ಮನುಷ್ಯನ ಹೆಸರು. ಒಳಗೆ ಇನ್‌ಬಾಕ್ಸ್, ಸೆಂಟ್, ಜೊತೆಗೆ ಡಿಲೀಟೆಡ್ ಐಟಮ್ಸ್. ಕೋಡ್ ಸರಿಯಾಗಿ ಓಡ್ತಿದೆಯಾ ನೋಡೋಣ ಅಂತ ಒಂದು ಮೇಲ್ ತೆರೆದೆ. ಅದರಲ್ಲಿ ಕಂಪನಿ ವ್ಯವಹಾರ ಒಂದಕ್ಷರವೂ ಇರಲಿಲ್ಲ. ಗಂಡ ಹೆಂಡತಿ ಮಧ್ಯದ ಮಾತು. ಬೇರೆಯವರ ಮನೆಗೆ ಬಾಗಿಲು ತಟ್ಟದೆ ನುಗ್ಗಿದ ಹಾಗಾಯಿತು. ಮುಚ್ಚಿಬಿಟ್ಟೆ. ಆದರೆ ಪ್ರಶ್ನೆ ಉಳೀತು: ಇದು ನನ್ನ ಲ್ಯಾಪ್‌ಟಾಪಿಗೆ ಬಂದದ್ದಾದರೂ ಹೇಗೆ?

ಹಿಂದಕ್ಕೆ ಹೋಗೋಣ. ಎನ್ರಾನ್ ಟೆಕ್ಸಸ್‌ನ ಹ್ಯೂಸ್ಟನ್ ನಗರದ ಇಂಧನ ಕಂಪನಿ. ಗ್ಯಾಸ್ ಪೈಪ್‌ಲೈನ್‌ನಿಂದ ಶುರುವಾಗಿ, ಆಮೇಲೆ ವಿದ್ಯುತ್ತನ್ನು ಷೇರಿನ ಥರ ಕೊಳ್ಳುವ ಮಾರುವ ವ್ಯಾಪಾರಕ್ಕೆ ಇಳಿಯಿತು. ಸಾಲವನ್ನು ತನ್ನ ಲೆಕ್ಕದಲ್ಲಿ ಕಾಣದಂತೆ ಬೇರೆ ಬೇರೆ ಸಂಸ್ಥೆಗಳ ಹೆಸರಲ್ಲಿ ಅಡಗಿಸಿತ್ತು. ಅದು ಬಯಲಾಗುತ್ತಿದ್ದಂತೆ ಷೇರು ನೆಲಕಚ್ಚಿ, 2001ರ ಡಿಸೆಂಬರ್ 2ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಅದಕ್ಕೂ ಮುಂಚೆ, ಅಕ್ಟೋಬರ್‌ನಲ್ಲಿ, ಅದರ ಆಡಿಟರ್ ಆರ್ಥರ್ ಆಂಡರ್ಸನ್‌ನ ಹ್ಯೂಸ್ಟನ್ ಕಚೇರಿಯಲ್ಲಿ ರಾಶಿ ರಾಶಿ ಕಾಗದ ಷ್ರೆಡ್ಡರ್‌ಗೆ ಹೋಗಿತ್ತು.

ಇಮೇಲ್ ಹೊರಬಿದ್ದದ್ದು ಲೆಕ್ಕಪತ್ರದ ತನಿಖೆಯಿಂದಲ್ಲ, ಕರೆಂಟಿನ ತನಿಖೆಯಿಂದ. 2000 ಮತ್ತು 2001ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ವಿದ್ಯುತ್ ಬಿಕ್ಕಟ್ಟು. ಸಗಟು ದರ ಆಕಾಶಕ್ಕೇರಿತು. ಸಿಲಿಕಾನ್ ವ್ಯಾಲಿ ಇರೋ ರಾಜ್ಯದಲ್ಲಿ ಸರದಿ ಮೇಲೆ ಲೋಡ್ ಶೆಡ್ಡಿಂಗ್! ಅಲ್ಲಿನ ದೊಡ್ಡ ವಿದ್ಯುತ್ ಕಂಪನಿ ಪಿಜಿ ಅಂಡ್ ಇ 2001ರ ಏಪ್ರಿಲ್‌ನಲ್ಲಿ ದಿವಾಳಿಯಾಯಿತು. ಇದರ ಹಿಂದೆ ಯಾರ ಕೈವಾಡ ಇದೆ ಅಂತ ಹುಡುಕೋಕೆ ಹೊರಟದ್ದು ಅಮೆರಿಕದ ಕೇಂದ್ರ ಇಂಧನ ನಿಯಂತ್ರಣ ಆಯೋಗ. ಚಿಕ್ಕದಾಗಿ ಫರ್ಕ್ ಅಂತಾರೆ.

ಮೊದಲು ಸಿಕ್ಕಿದ್ದು ವಕೀಲರ ಮೆಮೊಗಳು. 2002ರ ಮೇ 6ರಂದು ಫರ್ಕ್ ಅವನ್ನು ಜನರ ಮುಂದಿಟ್ಟಿತು. ಎನ್ರಾನ್ ಟ್ರೇಡರ್‌ಗಳು ಯಾವ್ಯಾವ ಆಟ ಆಡ್ತಿದ್ದಾರೆ ಅಂತ ವಕೀಲರು 2000ದ ಡಿಸೆಂಬರ್‌ನಲ್ಲೇ ಬರೆದಿಟ್ಟಿದ್ದರು. ಆಟಗಳಿಗೆ ಹೆಸರೂ ಇತ್ತು: ಡೆತ್ ಸ್ಟಾರ್, ಫ್ಯಾಟ್ ಬಾಯ್, ಗೆಟ್ ಶಾರ್ಟಿ, ರಿಕೊಶೆ.

ಡೆತ್ ಸ್ಟಾರ್ ಏನು ಅಂದ್ರೆ, ಒಂದು ಲೈನಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಒತ್ತಡ ಜಾಸ್ತಿ ಇದ್ದಾಗ, ಎದುರು ದಿಕ್ಕಿನಲ್ಲಿ ವಿದ್ಯುತ್ ಕಳಿಸುವವರಿಗೆ ಗ್ರಿಡ್ ದುಡ್ಡು ಕೊಡ್ತಿತ್ತು, ಒತ್ತಡ ಇಳಿಯುತ್ತೆ ಅಂತ. ಎನ್ರಾನ್ ಹಾಗೆ ಕಳಿಸ್ತೀವಿ ಅಂತ ಷೆಡ್ಯೂಲ್ ಹಾಕಿ ದುಡ್ಡು ತಗೊಂಡು, ಅದೇ ವಿದ್ಯುತ್ತು ರಾಜ್ಯದ ಹೊರಗಿನ ಲೈನಿನಲ್ಲಿ ಸುತ್ತಿ ಹೊರಟ ಜಾಗಕ್ಕೇ ವಾಪಸ್ ಬಂದಂತೆ ಇನ್ನೊಂದು ಷೆಡ್ಯೂಲ್ ಹಾಕ್ತಿತ್ತು. ಯಾರ ಮನೆಯ ಬಲ್ಬೂ ಇದರಿಂದ ಉರಿಯಲಿಲ್ಲ. ರಿಕೊಶೆ ಇನ್ನೂ ಸರಳ. ಕ್ಯಾಲಿಫೋರ್ನಿಯಾದಲ್ಲೇ ಕೊಂಡ ವಿದ್ಯುತ್ತನ್ನು ಹೊರಗೆ ಮಾರಿದಂತೆ ತೋರಿಸಿ, ಮತ್ತೆ ಹೊರರಾಜ್ಯದ ಮಾಲು ಅಂತ ಒಳಗೆ ತರೋದು. ಒಳಗಿನ ವಿದ್ಯುತ್ತಿಗೆ ಬೆಲೆಮಿತಿ ಇತ್ತು, ಹೊರಗಿನದಕ್ಕೆ ಇರಲಿಲ್ಲ.

ಎರಡನೇ ಬಗೆಯ ದಾಖಲೆ ಧ್ವನಿಮುದ್ರಣ. ಎನ್ರಾನಿನ ಪೋರ್ಟ್‌ಲ್ಯಾಂಡ್ ಕಚೇರಿಯಲ್ಲಿ ಟ್ರೇಡರ್‌ಗಳ ಫೋನ್ ಕರೆಗಳೆಲ್ಲ ಎಂದಿನಂತೆ ರೆಕಾರ್ಡ್ ಆಗ್ತಿದ್ದವು. ಅವನ್ನು ಕೂತು ಕೇಳಿಸಿದ್ದು ವಾಷಿಂಗ್ಟನ್ ರಾಜ್ಯದ ಸ್ನೊಹೊಮಿಶ್ ಅನ್ನೋ ಕೌಂಟಿಯ ವಿದ್ಯುತ್ ಸಂಸ್ಥೆ. ಕರಾರು ಮುರಿದಿದ್ದೀರಿ, ಸುಮಾರು 12.2 ಕೋಟಿ ಡಾಲರ್ ಕೊಡಿ ಅಂತ ದಿವಾಳಿಯಾದ ಎನ್ರಾನೇ ಇವರ ಬೆನ್ನು ಬಿದ್ದಿತ್ತು. ತಮ್ಮನ್ನು ಉಳಿಸಿಕೊಳ್ಳೋಕೆ ಇವರು ಟೇಪ್‌ಗಳನ್ನು ಪಡೆದು, ಅಕ್ಷರಕ್ಕಿಳಿಸಿ, 2004ರಲ್ಲಿ ಹೊರಬಿಟ್ಟರು. ಬಡ ಅಜ್ಜಿಯರಿಂದ ಕಿತ್ತುಕೊಂಡ ದುಡ್ಡಿನ ಬಗ್ಗೆ ಟ್ರೇಡರ್‌ಗಳು ನಗಾಡುವುದು ಟಿವಿಯಲ್ಲಿ ಬಂತು. ಮುಂದಿನ ವರ್ಷ ಬಂದ ಇನ್ನೊಂದು ಟೇಪಿನಲ್ಲಿ, 2001ರ ಜನವರಿಯಲ್ಲಿ, ಲೋಡ್ ಶೆಡ್ಡಿಂಗ್ ನಡೆಯುತ್ತಿದ್ದಾಗಲೇ, ಏನಾದರೂ ನೆಪ ಹುಡುಕಿ ಸ್ಥಾವರ ನಿಲ್ಲಿಸಿ ಅಂತ ಒಬ್ಬ ಟ್ರೇಡರ್ ಲಾಸ್ ವೇಗಸ್‌ನ ಸ್ಥಾವರದವರಿಗೆ ಹೇಳ್ತಾನೆ. ಮೆಮೊ ಓದಿದರೆ ಆಟದ ನಿಯಮ ಗೊತ್ತಾಗುತ್ತೆ. ಟೇಪ್ ಕೇಳಿದರೆ ಆಡಿದವರ ಮನಸ್ಸು ಗೊತ್ತಾಗುತ್ತೆ.

ಮೂರನೇದು ಇಮೇಲ್. 2003ರ ಮಾರ್ಚ್‌ನಲ್ಲಿ ಮಾರುಕಟ್ಟೆಯಲ್ಲಿ ಕೈವಾಡ ನಡೆದಿದೆ ಅಂತ ಅಂತಿಮ ವರದಿ ಕೊಟ್ಟ ಫರ್ಕ್, ಅದೇ ತಿಂಗಳು, ಸಾರ್ವಜನಿಕ ಹಿತ ಅಂತ ಹೇಳಿ, ತಾನು ಸಂಗ್ರಹಿಸಿದ ಮೇಲ್‌ಗಳನ್ನೂ ಇಂಟರ್ನೆಟ್ಟಿಗೆ ಹಾಕಿಬಿಟ್ಟಿತು. ಆರಿಸಲಿಲ್ಲ, ಸೋಸಲಿಲ್ಲ, ಇಡೀ ಗಂಟು ಬಿಚ್ಚಿ ಸುರಿಯಿತು. ಅದರಲ್ಲಿ ಚೇರ್ಮನ್ ಕೆನೆತ್ ಲೇ, ಸಿಇಒ ಆಗಿದ್ದ ಜೆಫ್ರಿ ಸ್ಕಿಲ್ಲಿಂಗ್ ಅವರ ಮೇಲ್‌ಗಳಿದ್ದವು, ಸರಿ. ಆದರೆ ಯಾವ ಆರೋಪವೂ ಇಲ್ಲದ ಉದ್ಯೋಗಿಗಳ ಸೋಶಿಯಲ್ ಸೆಕ್ಯುರಿಟಿ ನಂಬರ್, ಮಕ್ಕಳ ವಿಷಯ, ಕಾಯಿಲೆ, ಪ್ರೇಮ, ಜಗಳ, ಎಲ್ಲವೂ ಇದ್ದವು. ಉದ್ಯೋಗಿಗಳು ಕೂಗೆಬ್ಬಿಸಿದ ಮೇಲೆ ಒಂದಷ್ಟನ್ನು ತೆಗೆದರು. ಅಷ್ಟರಲ್ಲಿ ಪ್ರತಿಗಳು ಹೊರಟುಹೋಗಿದ್ದವು.

ಇಲ್ಲಿಂದ ನಮ್ಮ ವೃತ್ತಿಯ ಕಥೆ ಶುರು. ಎಂಐಟಿಯ ಲೆಸ್ಲಿ ಕೇಲ್‌ಬ್ಲಿಂಗ್ ಆ ಡೇಟಾ ಕೊಂಡರು, ಎಸ್‌ಆರ್‌ಐ ಸಂಸ್ಥೆಯವರು ಅದರ ದೋಷಗಳನ್ನು ಸರಿಮಾಡಿದರು, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿಲಿಯಂ ಕೊಹೆನ್ ಎಲ್ಲರಿಗೂ ಸಿಗೋ ಹಾಗೆ ಇಟ್ಟರು. ಸುಮಾರು 150 ಜನ, ಸುಮಾರು 5 ಲಕ್ಷ ಮೇಲ್. ಅದಕ್ಕೆ ಮುಂಚೆ ಸಂಶೋಧಕರಿಗೆ ಒಂದು ಕಂಪನಿಯ ನಿಜವಾದ ಮೇಲ್ ಇಷ್ಟು ದೊಡ್ಡ ಪ್ರಮಾಣದಲ್ಲಿ ಸಿಕ್ಕಿರಲಿಲ್ಲ. ಯಾವ ಕಂಪನಿ ತಾನಾಗಿ ಕೊಡುತ್ತೆ ಹೇಳಿ? 2006ರಲ್ಲಿ ಗ್ರೀಸ್‌ನ ಸಂಶೋಧಕರು ಆರು ಎನ್ರಾನ್ ಉದ್ಯೋಗಿಗಳ ಮೇಲ್‌ಗಳನ್ನು ಒಳ್ಳೆಯ ಮೇಲ್‌ನ ಮಾದರಿಯಾಗಿ ಇಟ್ಟುಕೊಂಡು, ಸ್ಪ್ಯಾಮ್ ಜೊತೆ ಸೇರಿಸಿ ಒಂದು ಸಂಗ್ರಹ ಮಾಡಿದರು. ನನ್ನ ಅಸೈನ್‌ಮೆಂಟಿನ ಹಿಂದೆ ಇದ್ದದ್ದು ಈ ಪರಂಪರೆ. ಅಂದ್ರೆ ಕ್ಯಾಲಿಫೋರ್ನಿಯಾದ ಕರೆಂಟ್ ಯಾಕೆ ಹೋಯಿತು ಅಂತ ಕೇಳೋಕೆ ವಶಪಡಿಸಿಕೊಂಡ ಪತ್ರಗಳಿಂದ ನಾನು ನೈವ್ ಬೇಯ್ಸ್ ಕಲಿತೆ.

ಆಮೇಲೂ ಸೋಸುವ ಕೆಲಸ ಮುಗಿಯಲಿಲ್ಲ. ಹತ್ತು ವರ್ಷ ಕಳೆದ ಮೇಲೆ, 2013ರಲ್ಲಿ, ನ್ಯೂಯಿಕ್ಸ್ ಅನ್ನೋ ಸಂಸ್ಥೆ ಆಗ ಬಳಕೆಯಲ್ಲಿದ್ದ ಒಂದು ಪ್ರತಿಯನ್ನು ಜಾಲಾಡಿದಾಗ ಆರೋಗ್ಯ, ಹಣಕಾಸು, ಖಾಸಗಿ ವಿವರ ಇದ್ದ 10,000ಕ್ಕೂ ಹೆಚ್ಚು ಕಡತ ಸಿಕ್ಕಿದವು.

ಈಗ ಸಮುದ್ರದ ಈ ಕಡೆ ಬನ್ನಿ. ಅದೇ ಎನ್ರಾನ್ ಮಹಾರಾಷ್ಟ್ರಕ್ಕೆ ಬಂದದ್ದು 1992ರ ಜೂನ್‌ನಲ್ಲಿ. ಬಂದ ಕೆಲವೇ ದಿನದಲ್ಲಿ ಒಡಂಬಡಿಕೆಗೆ ಸಹಿ, 1993ರ ಡಿಸೆಂಬರ್‌ನಲ್ಲಿ ವಿದ್ಯುತ್ ಖರೀದಿ ಕರಾರು. ಆಗ ಕೇಂದ್ರ ಸರ್ಕಾರ ಎಂಟು ಯೋಜನೆಗಳನ್ನು ಫಾಸ್ಟ್ ಟ್ರ್ಯಾಕ್ ಪಟ್ಟಿಗೆ ಸೇರಿಸಿತ್ತು. ದಾಭೋಳ್ ಜೊತೆ ನಮ್ಮ ಕರಾವಳಿಯ ನಂದಿಕೂರಿಗೆ ಬರಬೇಕಿದ್ದ ಕೊಜೆಂಟ್ರಿಕ್ಸ್ ಯೋಜನೆಯೂ ಅದೇ ಪಟ್ಟಿಯಲ್ಲಿತ್ತು. ಉಡುಪಿ, ಮಂಗಳೂರು ಕಡೆಯವರಿಗೆ ಅದರ ವಿರುದ್ಧದ ಹೋರಾಟ ನೆನಪಿರಬಹುದು.

ದಾಭೋಳ್ ಕರಾರಿನಲ್ಲಿ ಡಾಲರ್ ಲೆಕ್ಕ ಇತ್ತು. ವಿದ್ಯುತ್ ಬಳಸದಿದ್ದರೂ ಸ್ಥಾವರದ ಬಾಬ್ತು ದುಡ್ಡು ಕಟ್ಟಬೇಕಿತ್ತು. ಇಷ್ಟು ದೊಡ್ಡ ಕರಾರಿನ ಒಳಗೇನಿದೆ ಅಂತ ಬಿಲ್ ಕಟ್ಟುವ ಜನಕ್ಕೆ ಮೊದಲು ತೋರಿಸಲಿಲ್ಲ, ವ್ಯಾಪಾರದ ಗುಟ್ಟು ಅಂದ್ರು. ಪುಣೆಯ ಪ್ರಯಾಸ್ ಗುಂಪಿನ ಎಂಜಿನಿಯರ್‌ಗಳು ಸಿಕ್ಕ ಅಂಕಿಅಂಶ ಹಿಡಿದು ಲೆಕ್ಕ ಹಾಕಿ, ಈ ದರ ರಾಜ್ಯಕ್ಕೆ ಭಾರವಾಗುತ್ತೆ ಅಂತ ಆಗಲೇ ಎಚ್ಚರಿಸಿದ್ದರು. 1999ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. 2001ರಲ್ಲಿ ರಾಜ್ಯ ವಿದ್ಯುತ್ ಮಂಡಳಿ ದುಡ್ಡು ಕಟ್ಟಲಾಗದೆ ಕೈಚೆಲ್ಲಿತು, ಸ್ಥಾವರ ನಿಂತಿತು. ಸರ್ಕಾರ ನೇಮಿಸಿದ ಮಾಧವ ಗೋಡಬೋಲೆ ಸಮಿತಿ ಕರಾರನ್ನು ಕಟುವಾಗಿ ಟೀಕಿಸಿದ್ದೂ ಅದೇ ವರ್ಷ, ಎಲ್ಲಾ ಆದ ಮೇಲೆ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಹ್ಯೂಸ್ಟನ್‌ನ ಗುಮಾಸ್ತನೊಬ್ಬ ಹೆಂಡತಿಗೆ ಬರೆದ ಮಾತು ಜಗತ್ತಿಗೇ ಬಿಟ್ಟಿ. ಇನ್ನೊಂದು ಕಡೆ ಕೋಟ್ಯಂತರ ಜನರ ಮೇಲೆ ಹೊರೆ ಹೊರಿಸಿದ ಕರಾರು ಗುಟ್ಟು. ನನ್ನ ಪ್ರಕಾರ ಎರಡೂ ತಲೆಕೆಳಗು. ಅಧಿಕಾರ ಇರುವವರ ಕಾಗದ ತೆರೆದಿರಬೇಕು, ಅದೂ ಸಹಿ ಬೀಳುವ ಹೊತ್ತಿಗೆ. ಅವರ ಕೈಕೆಳಗೆ ದುಡಿಯುವವರ ಬದುಕು ಮುಚ್ಚಿರಬೇಕು. ತನಿಖೆ ಅಂದ್ರೆ ಎಲ್ಲವನ್ನೂ ಸುರಿಯೋದಲ್ಲ. ಕೂತು ಓದಿ ಯಾವುದು ಸಾರ್ವಜನಿಕ, ಯಾವುದು ಖಾಸಗಿ ಅಂತ ಬೇರ್ಪಡಿಸೋದೇ ತನಿಖೆಯ ಅರ್ಧ ಕೆಲಸ. ಆ ಅರ್ಧವನ್ನು ಫರ್ಕ್ ಮಾಡಲಿಲ್ಲ. ಮಿಕ್ಕ ಅರ್ಧಕ್ಕೆ ಮಾತ್ರ ನಾನು ಋಣಿ: ಆ ಮೆಮೊ, ಆ ಟೇಪ್ ಹೊರಬರದಿದ್ದರೆ ಬಿಕ್ಕಟ್ಟಿಗೆ ಬರೀ ಬಿಸಿಲು, ಬೇಡಿಕೆ ಕಾರಣ ಅಂತ ಹೇಳಿ ಕೈತೊಳೆದುಕೊಳ್ತಿದ್ದರು.

ಭಾರತದಲ್ಲಿ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಸರ್ಕಾರದ ಕಾಗದ ಕೇಳೋ ಹಕ್ಕು ಈಗ ನಮಗಿದೆ. ಊರು ಬಿಟ್ಟು ಬೇರೆ ರಾಜ್ಯದಲ್ಲಿ ಇದ್ದೀವಿ ಅಂತ ಆ ಹಕ್ಕು ಕಡಿಮೆ ಆಗಲ್ಲ. ಇಲ್ಲಿ ಕರೆಂಟ್ ಬಿಲ್ ಕಟ್ಟೋರು ನಾವೇ ತಾನೇ?

ಕೊನೆಗೆ ಒಂದು ಮಾತು. ನಾವು ದಿನಾ ಆಫೀಸ್ ಮೇಲ್‌ನಲ್ಲಿ, ಚಾಟ್‌ನಲ್ಲಿ ಬರೆಯೋದೆಲ್ಲ ಎಲ್ಲೋ ಒಂದು ಸರ್ವರ್‌ನಲ್ಲಿ ಕೂತಿರುತ್ತೆ. ನಾವು ಡಿಲೀಟ್ ಒತ್ತಿದ್ರೂ ಕೂತಿರಬಹುದು. ಮುಂದಿನ ಸಲ ನೀವು ಯಾವುದಾದರೂ ಡೇಟಾಸೆಟ್ ಇಳಿಸಿಕೊಂಡಾಗ, ಕೋಡ್ ಓಡಿಸೋ ಮುಂಚೆ ಒಂದು ನಿಮಿಷ ಕೇಳಿಕೊಳ್ಳಿ: ಇದರಲ್ಲಿರೋ ಜನರನ್ನ ಯಾರಾದ್ರೂ ಕೇಳಿದ್ರಾ?

ನನ್ನ ಆ ಅಸೈನ್‌ಮೆಂಟಿಗೆ ಒಳ್ಳೇ ಮಾರ್ಕ್ಸ್ ಬಂತು. ಆ ಮೇಲ್ ಮಾತ್ರ ಇನ್ನೂ ಮರೆತಿಲ್ಲ.