‘ಶುಗರ್ ಫ್ರೀ’ ಯಾರ ಸ್ವತ್ತು?

ಅಹಮದಾಬಾದಿನ ಕ್ಯಾಡಿಲಾ ಸಮೂಹ 1988ರಿಂದ ಮಾರುತ್ತ ಬಂದ ಸಿಹಿಕಾರಕದ ಹೆಸರು ‘ಶುಗರ್ ಫ್ರೀ’. ಮುಂದೆ ‘ಅಮುಲ್’ ಹೆಸರಿನಲ್ಲಿ ಮಾರುವ ಆಣಂದದ ಹಾಲು ಮಾರಾಟ ಮಹಾಮಂಡಳ ತನ್ನ ಪ್ರೋಬಯಾಟಿಕ್ ಫ್ರೋಜನ್ ಡೆಸರ್ಟಿನ ಡಬ್ಬಿಯ ಮೇಲೆ ಅವೇ ಎರಡು ಪದಗಳನ್ನು ‘ಅಮುಲ್’ ಎಂಬುದಕ್ಕಿಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿತು. ಗುಜರಾತಿನ ಈ ಎರಡು ಸಂಸ್ಥೆಗಳ ವ್ಯಾಜ್ಯ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು.

ಬ್ರಾಂಡ್ ಹೆಸರು ಜನರ ಬಾಯಿಗೆ ಬಿದ್ದು ವಸ್ತುವಿನ ಹೆಸರೇ ಆಗಿಬಿಡುವ ಕಥೆಗಳು ಬಹಳ. ಇಲ್ಲಿ ನಡೆದದ್ದು ತಿರುವುಮುರುವು: ಎಲ್ಲರ ಮಾತನ್ನೇ ಒಬ್ಬ ವ್ಯಾಪಾರಿ ಬ್ರಾಂಡ್ ಮಾಡಿಕೊಂಡಿದ್ದ. ಸಿಹಿಕಾರಕದ ಮಟ್ಟಿಗೆ ಆ ಹೆಸರು ಕ್ಯಾಡಿಲಾದ ಗುರುತಾಗಿದೆ ಎಂದು 2008ರಲ್ಲಿ ಏಕಸದಸ್ಯ ಪೀಠ ಮೇಲ್ನೋಟಕ್ಕೆ ಒಪ್ಪಿತು. ಆದರೆ ಸಕ್ಕರೆಯಿಲ್ಲದ ತಿನಿಸನ್ನು ಹಾಗೆಂದು ವರ್ಣಿಸುವ ಹಕ್ಕನ್ನು ಅಮುಲ್‌ನಿಂದ ಕಿತ್ತುಕೊಳ್ಳಲಿಲ್ಲ. ಅಕ್ಷರದ ಗಾತ್ರಕ್ಕಷ್ಟೇ ಕಡಿವಾಣ ಹಾಕಿತು. ಸಾಮಾನ್ಯ ಪದವನ್ನು ಹೆಸರಾಗಿ ಆರಿಸಿಕೊಂಡವರು ಅದರ ಅಪಾಯವನ್ನೂ ಹೊರಬೇಕೆಂದು 2009ರಲ್ಲಿ ವಿಭಾಗೀಯ ಪೀಠ ಕ್ಯಾಡಿಲಾದ ಮೇಲ್ಮನವಿಯನ್ನು ತಳ್ಳಿಹಾಕಿತು. ನ್ಯಾಯವಾದ ತೀರ್ಪು. ಮಧುಮೇಹಿಗೆ ಡಬ್ಬಿಯಲ್ಲಿ ಸಕ್ಕರೆ ಇದೆಯೋ ಇಲ್ಲವೋ ತಿಳಿಯಲೇಬೇಕು. ಅದನ್ನು ಹೇಳುವ ಮಾತು ಒಬ್ಬರ ಗುತ್ತಿಗೆಯಾಗಬಾರದು.

ವಡೋದರಾದ ಜಿಲ್ಲಾ ನ್ಯಾಯಾಲಯದಲ್ಲಿ ಶುರುವಾದ ಇನ್ನೊಂದು ದಾವೆ ಇದಕ್ಕಿಂತ ಸೂಕ್ಷ್ಮ. 1995ರಲ್ಲಿ ಕ್ಯಾಡಿಲಾ ಲ್ಯಾಬೊರೇಟರೀಸ್ ಇಬ್ಭಾಗವಾದ ಮೇಲೆ ಕ್ಯಾಡಿಲಾ ಹೆಲ್ತ್‌ಕೇರ್ ‘ಫಾಲ್ಸಿಗೊ’ ಎಂಬ ಮಲೇರಿಯಾ ಔಷಧಿ ತಂದರೆ, ಕ್ಯಾಡಿಲಾ ಫಾರ್ಮಾಸ್ಯುಟಿಕಲ್ಸ್ ‘ಫಾಲ್ಸಿಟ್ಯಾಬ್’ ತಂದಿತು. ‘ಫಾಲ್ಸಿ’ ಎಂಬುದು ಫಾಲ್ಸಿಪೇರಮ್ ಮಲೇರಿಯಾದಿಂದ ಬಂದದ್ದು. ಅದು ಯಾರೊಬ್ಬರ ಸೊತ್ತೂ ಅಲ್ಲ. ಕೆಳಗಿನ ನ್ಯಾಯಾಲಯಗಳು ಮಧ್ಯಂತರ ತಡೆ ಕೊಡಲಿಲ್ಲ. 2001ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಯನ್ನು ಕೆಳಗಿನ ನ್ಯಾಯಾಲಯಕ್ಕೇ ಬಿಟ್ಟರೂ, ಔಷಧಿಯ ಹೆಸರು ಅದಲುಬದಲಾದರೆ ಜೀವಕ್ಕೇ ಕುತ್ತು, ಆದ್ದರಿಂದ ಅಲ್ಲಿ ಹೋಲಿಕೆಯನ್ನು ಇನ್ನಷ್ಟು ಬಿಗಿಯಾಗಿ ಅಳೆಯಬೇಕು ಎಂದಿತು.

ಇನ್ನು ಬ್ರಾಂಡ್ ಹೆಸರೇ ವಸ್ತುವಿನ ಹೆಸರಾದರೆ, ಜನರ ಬಳಕೆಯಿಂದಲೇ ಹಕ್ಕು ಹೋಗುತ್ತದೆಯೇ? ಅಮೆರಿಕದಲ್ಲಿ 1921ರ ಆಸ್ಪಿರಿನ್ ಮೊಕದ್ದಮೆಯಲ್ಲಿ ಕೊಳ್ಳುವವರು ಆ ಹೆಸರನ್ನು ಏನೆಂದು ತಿಳಿದಿದ್ದಾರೆ ಎಂಬುದೇ ನಿರ್ಣಾಯಕವಾಯಿತು. ನಮ್ಮ 1999ರ ಟ್ರೇಡ್ ಮಾರ್ಕ್ ಕಾಯಿದೆಯ 36ನೇ ಕಲಂ ಬೇರೆಯದನ್ನೇ ಕೇಳುತ್ತದೆ: ಅದೇ ವ್ಯಾಪಾರದಲ್ಲಿರುವ ಇತರರು ಆ ಪದವನ್ನು ವಸ್ತುವಿನ ಹೆಸರಾಗಿ ಬಳಸುವುದು ರೂಢಿಯಾಗಿದೆಯೇ? ಸೂರತ್ತಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಗಿರಾಕಿ ‘ಜೆರಾಕ್ಸ್ ಮಾಡಿಕೊಡಿ’ ಎಂದ ಮಾತ್ರಕ್ಕೆ ಜೆರಾಕ್ಸ್ ಕಂಪನಿಯ ನೋಂದಣಿ ಬೀಳುವುದಿಲ್ಲ. ಆ ಗುರುತನ್ನು ರದ್ದು ಮಾಡಬೇಕೆಂಬ ಅರ್ಜಿಯನ್ನು ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿ 2012ರಲ್ಲಿ ವಜಾ ಮಾಡಿತು.